ಓಲ್ಗಾ ಜುರ್ಕೊ ಚೆಂಡು ಎತ್ತಲಿಲ್ಲ

ಓಲ್ಗಾ ಜುರ್ಕೊಗೆ ರೆಫರಿಯ ಪಟ್ಟೆ ಅಂಗಿ ತೊಡಿಸಿದ್ದು ಅವಳ ಬಾಯಿಯೇ. ಮಗ ಹೈಸ್ಕೂಲ್ ತಂಡದಲ್ಲಿ ಫುಟ್‌ಬಾಲ್ ಆಡುತ್ತಿದ್ದ ಕಾಲ. ರೆಫರಿ ಕೊಟ್ಟ ತೀರ್ಪು ತಪ್ಪೆಂದು ಗ್ಯಾಲರಿಯಲ್ಲಿ ಎದ್ದು ನಿಂತು ಕೂಗಿದಳು. ಒಂದು ಸಲ ಕೂಗಿ ಕೂತಿದ್ದರೆ ಆಗುತ್ತಿತ್ತು. ಕೂರಲಿಲ್ಲ. ಕೊನೆಗೆ ಆ ರೆಫರಿ ಆಟ ನಿಲ್ಲಿಸಿ, ಬೇಲಿಯ ಹತ್ತಿರ ಬಂದು, "ಅಷ್ಟೆಲ್ಲ ಗೊತ್ತಿದ್ರೆ ನೀನೇ ಬಂದು ಸೀಟಿ ಊದಮ್ಮ!" ಎಂದ. ಊರಿಗೆ ಊರೇ ನಕ್ಕಿತು. ಮಗನಿಗೆ ಹೆಲ್ಮೆಟ್ ಇದ್ದದ್ದು ಒಳ್ಳೆಯದಾಯಿತು, ಮುಖ ಯಾರಿಗೂ ಕಾಣಲಿಲ್ಲ. ಸೋಮವಾರ ಕೆಲಸ ಮುಗಿಸಿದವಳೇ ಓಲ್ಗಾ ನೇರ ರೆಫರಿಗಳ ಸಂಘಕ್ಕೆ ಹೋಗಿ ಪರೀಕ್ಷೆಗೆ ಹೆಸರು ಬರೆಸಿದಳು. ತಮಾಷೆಗೆ ಬಂದಿದ್ದಾಳೆಂದು ಅಲ್ಲಿನ ಗುಮಾಸ್ತ ಅರ್ಜಿಯನ್ನು ಎರಡು ಸಲ ಓದಿದ. ಆ ವರ್ಷ ಪರೀಕ್ಷೆಗೆ ಕೂತ ಮೂವತ್ತೊಂದು ಜನರಲ್ಲಿ ಮೊದಲು ಬಂದವಳು ಅವಳೇ.

ಅದಾಗಿ ಹದಿನೆಂಟು ವರ್ಷ ಅವಳು ಗೆರೆ ಕಾದಳು. ಪೆನ್ಸಿಲ್ವೇನಿಯಾದ ಪಶ್ಚಿಮದ ಕಲ್ಲಿದ್ದಲ ಊರುಗಳಲ್ಲಿ ಅವಳು ನಿಲ್ಲದ ಮೈದಾನವಿಲ್ಲ. ವಾರದಲ್ಲಿ ಐದು ದಿನ ಶಾಲೆಯ ಅಡುಗೆಮನೆಯಲ್ಲಿ ಆರುನೂರು ಮಕ್ಕಳಿಗೆ ಊಟ ಬೇಯಿಸುವುದು, ಶನಿವಾರ ಮೈದಾನದ ಅಂಚಿನಲ್ಲಿ ಮೇಲಕ್ಕೂ ಕೆಳಕ್ಕೂ ಓಡುವುದು. ನಿಯಮದ ಪುಸ್ತಕ ಅಡುಗೆಮನೆಯ ಗೂಟದಲ್ಲೇ ನೇತಾಡುತ್ತಿತ್ತು, ಪುಟಪುಟಕ್ಕೂ ಬೆಣ್ಣೆಯ ಕಲೆ. ಆಲೂಗಡ್ಡೆ ಸುಲಿಯುತ್ತ ಜೊತೆಯ ಅಡುಗೆಯವರ ಕೈಲಿ ಪ್ರಶ್ನೆ ಕೇಳಿಸಿಕೊಳ್ಳುತ್ತಿದ್ದಳು. ಫುಟ್‌ಬಾಲಿನ ಗಂಧಗಾಳಿಯಿಲ್ಲದ ಆ ಹೆಂಗಸರಿಗೂ ನಿಯಮಗಳು ಬಾಯಿಪಾಠವಾಗಿಬಿಟ್ಟಿದ್ದವು.

ಈ ಆಟಕ್ಕೆ ಹೆಸರು ಫುಟ್‌ಬಾಲ್. ಆದರೆ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವುದು, ಓಡುವವನ ಮೇಲೆ ಹತ್ತು ಜನ ಬೀಳುವುದು, ಇದೇ ಹೆಚ್ಚು. ಕಾಲಿಗೆ ಕೆಲಸ ಬರುವುದು ಆಗೊಮ್ಮೆ ಈಗೊಮ್ಮೆ. ಮೈದಾನದಲ್ಲಿ ಐವರು ರೆಫರಿಗಳು. ನಾಲ್ವರಿಗೆ ಕಪ್ಪು ಟೋಪಿ, ಮುಖ್ಯಸ್ಥನಿಗೆ ಮಾತ್ರ ಬಿಳಿ. ಕೊನೆಯ ಮಾತು ಬಿಳಿ ಟೋಪಿಯದು. ಆಟ ಮುಗಿಯುವುದೂ ಭೋಂಕರಿಸುವ ಹಾರನ್ನಿನಿಂದಲ್ಲ. ಬಿಳಿ ಟೋಪಿಯವನು ಚೆಂಡನ್ನು ಒಂದೇ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದರೇನೇ ಮುಗಿಯಿತೆಂದು ಲೆಕ್ಕ.

ಹದಿನೆಂಟು ವರ್ಷದಲ್ಲಿ ಆ ಟೋಪಿ ಓಲ್ಗಾಳ ತಲೆಗೆ ಒಮ್ಮೆಯೂ ಬರಲಿಲ್ಲ. "ಹೆಂಗಸಿನ ಗಂಟಲು ಅಷ್ಟು ದೂರ ಕೇಳಲ್ಲ" ಎಂದರು ಸಂಘದವರು ಒಮ್ಮೆ. ಅವಳ ಗಂಟಲು ಕೇಳಿದ್ದರಿಂದಲೇ ಅವಳು ಅಲ್ಲಿಗೆ ಬಂದದ್ದು ಎಂಬುದನ್ನು ಮಹಾನುಭಾವರು ಮರೆತಿದ್ದರು! "ಕೋಚುಗಳು ಒಪ್ಪಲ್ಲ" ಎಂದರು ಇನ್ನೊಮ್ಮೆ. ಅವಳ ಕೈಕೆಳಗೆ ಕಲಿತ ಹುಡುಗರು ಒಬ್ಬೊಬ್ಬರಾಗಿ ಬಿಳಿ ಟೋಪಿ ಹಾಕಿಕೊಂಡು ಅವಳಿಗೇ ಅಪ್ಪಣೆ ಕೊಟ್ಟರು. ಓಲ್ಗಾ ಹಲ್ಲು ಕಚ್ಚಿ ಗೆರೆ ಕಾದಳು.

ತೊಂಬತ್ತಾರರ ಅಕ್ಟೋಬರಿನಲ್ಲಿ ಅವಳ ರೆಫರಿ ತಂಡದ ಮುಖ್ಯಸ್ಥನ ಮೊಣಕಾಲು ಕೈಕೊಟ್ಟಿತು. ಯಾರನ್ನು ಯಾವ ಆಟಕ್ಕೆ ಕಳಿಸಬೇಕೆಂದು ಗೊತ್ತುಮಾಡುವವನು ವಾಲ್ಟ್ ಸೆಡ್ಲಾಕ್. ಅವನು ಫೋನ್ ಮಾಡಿದ.

"ಓಲ್ಗಾ, ಬೇರೆ ಯಾರೂ ಸಿಗ್ಲಿಲ್ಲ. ಟಿಪ್ಪಲ್ ಹಿಲ್‌ನಲ್ಲಿ ಶನಿವಾರ ಬಿಳಿ ಟೋಪಿ ನೀನೇ ಹಾಕ್ಕೋ."

"ಬೇರೆ ಯಾರೂ ಸಿಗ್ಲಿಲ್ಲ ಅನ್ನೋದು ಹೇಳ್ಲೇಬೇಕಿತ್ತಾ?"

"ನಿಜ ಹೇಳಿದೆ ಕಣಮ್ಮ. ನಾನೂ ಬಂದು ಗ್ಯಾಲರೀಲಿ ಕೂತ್ಕೋತೀನಿ. ಚೆನ್ನಾಗಿ ನಡೆದ್ರೆ ಈ ಸೀಸನ್ ಪೂರ್ತಿ ನಿಂದೇ. ಏನಾದ್ರೂ ಎಡವಟ್ಟಾಯ್ತೋ, ವಾಪಸ್ ಗೆರೆಗೆ. ಆಮೇಲೆ ಇನ್ನೊಂದು ಸಲ ಕೇಳಬೇಡ."

ಟಿಪ್ಪಲ್ ಹಿಲ್ ಮೈದಾನಕ್ಕೆ ದೀಪಗಳಿಲ್ಲ. ಅಲ್ಲಿ ಆಟ ಶನಿವಾರ ಮಧ್ಯಾಹ್ನ ಒಂದೂವರೆಗೆ. ಎದುರಾಳಿ ಪಕ್ಕದ ಕಣಿವೆಯ ಎಲ್ಡರ್‌ಫೋರ್ಕ್. ಎರಡೂ ಊರಿನ ಗಣಿಗಳು ಮುಚ್ಚಿ ಹತ್ತು ವರ್ಷವಾಗಿತ್ತು. ಉಳಿದಿರುವ ಜಗಳವೆಂದರೆ ಇದೊಂದೇ, ಆದ್ದರಿಂದ ಅದನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದಾರೆ.

ಟಿಪ್ಪಲ್ ಹಿಲ್ ಕೋಚ್ ಸ್ಟ್ಯಾನ್ ಬುಕೊವ್ಸ್ಕಿ ಬಾಗಿಲು ತುಂಬುವ ಆಳು. ಆಟ ಶುರುವಾಗುವ ಮೊದಲು ಬಂದು ಓಲ್ಗಾಳ ಕೈ ಕುಲುಕಿದ. ಮಾತಾಡಿದ್ದು ಮಾತ್ರ ಅವಳ ಪಕ್ಕದಲ್ಲಿದ್ದ ಗಸ್ ಮರಾಟೊ ಜೊತೆ. ಗಸ್ ಕ್ಷೌರದ ಅಂಗಡಿಯವನು, ಅರವತ್ತೆರಡು ವರ್ಷ, ಓಲ್ಗಾಳ ತಂಡದ ಹಿರಿಯ.

"ಗಸ್, ಇವತ್ತು ಆ ಕಡೆ ಹುಡುಗರು ನಮ್ಮವರನ್ನ ಅಪ್ಪಿ ಹಿಡ್ಕೊಳ್ಳೋದನ್ನ ಸ್ವಲ್ಪ ನೋಡ್ಕೊಳ್ಳಪ್ಪ" ಎಂದ ಬುಕೊವ್ಸ್ಕಿ.

"ನಂಗ್ಯಾಕೆ ಹೇಳ್ತೀರಾ ಕೋಚ್? ಟೋಪಿ ಅವಳ ತಲೆ ಮೇಲಿದೆ" ಎಂದ ಗಸ್.

ನಾಲ್ಕು ಭಾಗದ ಆಟದಲ್ಲಿ ಮೂರೂವರೆ ಭಾಗ ನೀಟಾಗಿ ನಡೆಯಿತು. ಗ್ಯಾಲರಿಯಿಂದ ಒಂದು ಗಂಡು ದನಿ ಮಾತ್ರ ಬಿಡದೆ, "ಏ ಬಾಬಾ! ಮನೇಗ್ ಹೋಗಿ ಪಿರೋಗಿ ಬೇಯ್ಸು ಹೋಗು!" ಎಂದು ಕಿರುಚುತ್ತಿತ್ತು. ಆ ಕಡೆ ಬಾಬಾ ಎಂದರೆ ಅಜ್ಜಿ. ಓಲ್ಗಾ ಮೊಮ್ಮಕ್ಕಳಿರುವ ಬಾಬಾ ನಿಜ, ಮತ್ತು ಆಲೂಗಡ್ಡೆ ತುಂಬಿದ ಕಡುಬಿನಂಥ ಅವಳ ಪಿರೋಗಿ ತಿಂದವರು ಇನ್ನೊಂದು ತಟ್ಟೆ ಕೇಳದೆ ಎದ್ದದ್ದಿಲ್ಲ. ಹಾಗಾಗಿ ಅವಳಿಗೆ ಅದರಲ್ಲಿ ಬೈಗುಳ ಕಾಣಲಿಲ್ಲ.

ಕೊನೆಗೆ ಟಿಪ್ಪಲ್ ಹಿಲ್ ಹದಿನಾಲ್ಕು, ಎಲ್ಡರ್‌ಫೋರ್ಕ್ ಹನ್ನೆರಡು. ಉಳಿದದ್ದು ಹನ್ನೊಂದು ಸೆಕೆಂಡು. ಚೆಂಡು ಟಿಪ್ಪಲ್ ಹಿಲ್ ಕೈಯಲ್ಲಿ. ಅದನ್ನು ದೂರಕ್ಕೆ ಒದ್ದುಬಿಟ್ಟರೆ ಮುಗಿಯಿತು. ಆದರೆ ಒದ್ದ ಹುಡುಗನ ಕಾಲು ಸರಿಯಾಗಿ ಬೀಳಲಿಲ್ಲ. ಚೆಂಡು ಕುಂಟುತ್ತ ಹೋಗಿ ಹತ್ತಿರದಲ್ಲೇ ಇಳಿಯತೊಡಗಿತು. ಕೆಳಗೆ ನಿಂತಿದ್ದ ಎಲ್ಡರ್‌ಫೋರ್ಕ್ ಹುಡುಗ ಒಂದು ಕೈ ಮೇಲೆತ್ತಿ ಬೀಸಿದ. ಹಾಗೆ ಕೈ ಬೀಸಿದರೆ, ನಾನು ಓಡುವುದಿಲ್ಲ, ನನ್ನನ್ನು ಯಾರೂ ಮುಟ್ಟಬೇಡಿ ಎಂದರ್ಥ. ಹಿಡಿದ. ಗಡಿಯಾರ ನಾಲ್ಕು ಸೆಕೆಂಡಿಗೆ ನಿಂತಿತು. ಗೋಲುಗೆರೆ ಅಲ್ಲಿಂದ ಮೂವತ್ತೆಂಟು ಗಜ, ಗೋಲುಕಂಬಗಳು ಅದರ ಹಿಂದೆ ಇನ್ನೂ ಹತ್ತು ಗಜ.

ಎಲ್ಡರ್‌ಫೋರ್ಕ್ ಕೋಚ್ ಫ್ರಾಂಕ್ಲಿನ್ ಪೀಲ್ ರೇಖಾಗಣಿತದ ಮೇಷ್ಟ್ರು, ಕಡ್ಡಿಯಂಥ ಮನುಷ್ಯ. ಅವನು ಗೆರೆಯ ಬಳಿ ಬಂದು ಸಂಕೋಚದಿಂದ ಕೇಳಿದ:

"ಮೇಡಂ, ನಾನೆಲ್ಲೋ ಓದಿದ ನೆನಪು. ಕೈ ಬೀಸಿ ಹಿಡಿದ್ರೆ ಫ್ರೀ ಕಿಕ್ ಕೇಳಬಹುದಂತೆ? ಕಂಬದ ಮಧ್ಯೆ ಹೋದ್ರೆ ಮೂರು ಪಾಯಿಂಟಂತೆ? ಅದು ನಿಜವಾ, ಇಲ್ಲಾ ನಂಗೆ ಭ್ರಮೆಯಾ?"

ಓಲ್ಗಾಳ ಎದೆ ಹಿಗ್ಗಿಹೋಯಿತು. ಹದಿನೆಂಟು ವರ್ಷದಿಂದ ಆ ನಿಯಮ ಪುಸ್ತಕದಲ್ಲಿ ಕೂತಿತ್ತು. ಪ್ರತಿ ಆಗಸ್ಟಿನ ಸಭೆಯಲ್ಲಿ ಅವಳು ಅದರ ಮಾತೆತ್ತುವುದು, ಗಂಡಸರೆಲ್ಲ ನಕ್ಕು, "ಅದು ನಮ್ಮ ಜನ್ಮದಲ್ಲಿ ಬರಲ್ಲ ಬಿಡು ಓಲ್ಗಾ" ಎನ್ನುವುದು. ಬಂತಲ್ಲ! ಬಂದೇ ಬಿಟ್ಟಿತಲ್ಲ!

"ನಿಜ ಕೋಚ್. ನಿಮ್ಮ ಹಕ್ಕದು" ಎಂದಳು.

ಬುಕೊವ್ಸ್ಕಿ ಗುಡುಗುತ್ತ ಬಂದ. "ಏನ್ ಫ್ರೀ ಕಿಕ್ಕು? ಮೂವತ್ತು ವರ್ಷದಿಂದ ಈ ಆಟದಲ್ಲಿದೀನಿ, ಅಂಥದ್ದೊಂದು ಕೇಳೇ ಇಲ್ಲ. ಗಸ್, ಹೇಳಪ್ಪ ಇವಳಿಗೆ!"

ಗಸ್ ತಲೆ ಕೆರೆದುಕೊಂಡ. "ಓಲ್ಗಾ, ಗ್ಯಾರಂಟಿನಾ?"

"ಗಸ್, ಪುಸ್ತಕ ನಂಗೆ ಬಾಯಿಗೆ ಬರುತ್ತೆ. ಕೋಚ್, ನೀವು ಕೇಳಿಲ್ಲ ಅಂದ್ರೆ ಅದು ನಿಯಮದ ತಪ್ಪಲ್ಲ. ನಿಮ್ಮ ಜಾಗಕ್ಕೆ ಹೋಗಿ."

ಅವನು ಬೈದುಕೊಂಡೇ ಹೋದ. ಓಲ್ಗಾ ಚೆಂಡನ್ನು ಇಟ್ಟು, ಸೀಟಿ ಊದಿ, ಹಿಂದೆ ಸರಿದಳು.

ಎಡವಟ್ಟಾದದ್ದು ಅಲ್ಲೇ. ಮಾಮೂಲಿ ಕಂಬದ ಒದೆತದಲ್ಲಿ ಎರಡೂ ತಂಡ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಲ್ಲುತ್ತವೆ. ಚೆಂಡು ಕದಲಿದ ತಕ್ಷಣ ಎದುರಾಳಿಗಳು ಕೈ ಎತ್ತಿಕೊಂಡು ನುಗ್ಗುತ್ತಾರೆ. ಟಿಪ್ಪಲ್ ಹಿಲ್ ಹುಡುಗರು ಅಭ್ಯಾಸದಂತೆ ಹಾಗೇ ನಿಂತರು. ಗಸ್ ಅಭ್ಯಾಸದಂತೆ ತನ್ನ ಮಾಮೂಲಿ ಜಾಗದಲ್ಲಿ ನಿಂತ, ಉಳಿದವರೂ ಹಾಗೇ. ಓಲ್ಗಾ ತನ್ನ ನಿಯಮ ಗೆದ್ದ ಖುಷಿಯಲ್ಲಿ ತೇಲುತ್ತಿದ್ದಳು. ಎಲ್ಡರ್‌ಫೋರ್ಕಿನ ಉದ್ದ ಕಾಲಿನ ಹುಡುಗ ಓಡಿ ಬಂದ. ಟಿಪ್ಪಲ್ ಹಿಲ್‌ನ ಟೆಡ್ಡಿ ಓರ್ಲಿಕ್ ಎಂಬ ಗಿಡ್ಡ ಹುಡುಗ ಎಲ್ಲರ ಭುಜದ ಮೇಲಿಂದ ನೆಗೆದು ಎದೆಯನ್ನೇ ಅಡ್ಡಕೊಟ್ಟ. ದಪ್ಪೆಂದಿತು. ಚೆಂಡು ಹಿಂದಕ್ಕೆ ಉರುಳಿತು, ಗಡಿಯಾರ ಸೊನ್ನೆಗೆ ಬಂತು, ಹಾರನ್ ಭೋಂಕರಿಸಿತು.

ಗ್ಯಾಲರಿ ಒಡೆದು ಮೈದಾನಕ್ಕೆ ಸುರಿಯಿತು. ತುತ್ತೂರಿ, ಡೋಲು, ಕಣ್ಣೀರು. ಟೆಡ್ಡಿಯನ್ನು ನಾಲ್ಕು ಜನ ಹೆಗಲ ಮೇಲೆ ಹೊತ್ತರು. ಪೀಲ್ ಮೇಷ್ಟ್ರು ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಿದ್ದ.

ಗಸ್ ಚೆಂಡನ್ನು ಹೆಕ್ಕಿ ತಂದು ಓಲ್ಗಾಳ ಕೈಗಿಟ್ಟ. "ಎತ್ತು ಮಾರಾಯ್ತಿ. ಎತ್ತಿಬಿಟ್ಟು ಕಾರ್ ಹತ್ತೋಣ."

ಚೆಂಡು ಕೈಗೆ ತಗುಲಿದ ಕ್ಷಣ ಅವಳಿಗೆ ನೆನಪಾಯಿತು. ಹತ್ತು ಗಜ. ಫ್ರೀ ಕಿಕ್ ಎಂದರೆ ಎದುರಾಳಿಗಳು ಹತ್ತು ಗಜ ದೂರ ನಿಲ್ಲಬೇಕು, ಒದೆಯುವ ತನಕ ಹತ್ತಿರ ಸುಳಿಯುವ ಹಾಗಿಲ್ಲ. ಯಾರಾದರೂ ಒಳಗಿದ್ದರೆ ಚೆಂಡಿಗೆ ಜೀವವೇ ಬರುವುದಿಲ್ಲ, ಒದ್ದರೂ ಒದ್ದ ಹಾಗಲ್ಲ. ಅವರನ್ನು ದೂರ ನಿಲ್ಲಿಸಬೇಕಾದವಳು ಅವಳು. ನಿಯಮದ ಅರ್ಧ ಭಾಗಕ್ಕಾಗಿ ಎದೆ ತಟ್ಟಿಕೊಂಡು ಜಗಳ ಆಡಿ, ಉಳಿದರ್ಧ ನುಂಗಿಬಿಟ್ಟಿದ್ದಳು.

"ಗಸ್," ಎಂದಳು, "ಹತ್ತು ಗಜ."

ಗಸ್‌ನ ಮುಖ ಸುಣ್ಣದಂತಾಯಿತು. ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದ: "ಓಲ್ಗಾ, ನನ್ನ ಮಾತು ಕೇಳು. ಯಾರಿಗೂ ಗೊತ್ತಿಲ್ಲ. ಪೀಲ್‌ಗೂ ಗೊತ್ತಿಲ್ಲ. ವಾಲ್ಟ್‌ಗೂ ಗೊತ್ತಿರಲ್ಲ, ಬೇಕಾದ್ರೆ ಬರ್ಕೊಡ್ತೀನಿ. ಎತ್ತಿಬಿಡು, ಎಲ್ಲರ ಪಾಲಿಗೂ ಮುಗೀತು. ಈಗ ತಪ್ಪಾಯ್ತು ಅಂದ್ಯೋ, ಆ ಟೋಪಿ ನಿನ್ನ ತಲೆ ಮೇಲೆ ಇನ್ನರ್ಧ ಗಂಟೆ ಇರುತ್ತೆ, ಅಷ್ಟೆ. ಹದಿನೆಂಟು ವರ್ಷ ಕಾದಿದೀಯಲ್ಲೇ!"

ಗಸ್ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವಳಿಗೂ ಎತ್ತಬೇಕೆನ್ನಿಸಿತು, ಸಂತೆ ಮುಗಿಸಿದವರಂತೆ ಎಲ್ಲ ಅಲ್ಲೇ ಬಿಟ್ಟು ಮನೆಗೆ ಹೋಗಬೇಕೆನ್ನಿಸಿತು. ಆದರೆ ಮೈದಾನದಂಚಿನಲ್ಲಿ ಆ ಉದ್ದ ಕಾಲಿನ ಹುಡುಗ ಹೆಲ್ಮೆಟ್ ಕಳಚಿ ಹುಲ್ಲಿನ ಮೇಲೆ ಮೊಣಕಾಲೂರಿ ಕೂತಿದ್ದ, ತನ್ನ ಕಾಲೇ ತನಗೆ ಮೋಸ ಮಾಡಿತೆಂಬಂತೆ ಅದನ್ನು ನೋಡುತ್ತಿದ್ದ. ಮೋಸ ಮಾಡಿದ್ದು ಅವನ ಕಾಲಲ್ಲ. ಓಲ್ಗಾಗೆ ತನ್ನ ಮೇಲೇ ಸಿಟ್ಟು ಉಕ್ಕಿತು. ಗೊತ್ತಿಲ್ಲದವರು ತಪ್ಪು ಮಾಡಿದರೆ ಅದು ಬೇರೆ. ಗೊತ್ತಿದ್ದೂ ಎತ್ತಿದರೆ ಈ ಟೋಪಿ ಹಾಕಿಕೊಂಡು ಯಾವ ಮುಖ ತೋರಿಸುವುದು?

ಚೆಂಡನ್ನು ಸೊಂಟಕ್ಕೆ ಒತ್ತಿ ಹಿಡಿದಳು. ತಪ್ಪು ನಡೆದಿದೆಯೆಂದು ಸಾರುವ ಹಳದಿ ಬಟ್ಟೆಯನ್ನು ಇನ್ನೊಂದು ಕೈಯಿಂದ ಸೊಂಟಪಟ್ಟಿಯಿಂದ ಕಿತ್ತು ನೆಲಕ್ಕೆ ಬಿಸಾಡಿದಳು. ಆಮೇಲೆ ಆ ಕಣಿವೆಯಲ್ಲಿ ಈಗಲೂ ಮಾತಾಡಿಕೊಳ್ಳುವಂತೆ ಸೀಟಿ ಊದಿದಳು.

"ಆಟ ಮುಗಿದಿಲ್ಲ! ಎಲ್ಲರೂ ಮೈದಾನ ಬಿಡಿ!"

ಹೆಂಗಸಿನ ಗಂಟಲು ದೂರ ಕೇಳುವುದಿಲ್ಲ ಎಂದವರು ಅವತ್ತು ಅಲ್ಲಿರಬೇಕಿತ್ತು. ಪಾರ್ಕಿಂಗ್ ಜಾಗದಲ್ಲಿ ಕಾರಿಗೆ ಕೀಲಿ ಹಾಕುತ್ತಿದ್ದವರೂ ತಿರುಗಿ ನೋಡಿದರು. ಡೋಲು ನಿಂತಿತು. ಟೆಡ್ಡಿ ಇನ್ನೂ ಹೆಗಲ ಮೇಲೆಯೇ ಇದ್ದ, ಹೊತ್ತವರಿಗೆ ಇಳಿಸುವುದೋ ಬಿಡುವುದೋ ತಿಳಿಯಲಿಲ್ಲ.

ಓಲ್ಗಾ ಇಬ್ಬರೂ ಕೋಚುಗಳನ್ನು ನಡುಮೈದಾನಕ್ಕೆ ಕರೆದಳು.

"ಫ್ರೀ ಕಿಕ್‌ಗೆ ಎದುರಾಳಿಗಳು ಹತ್ತು ಗಜ ಹಿಂದೆ ಇರಬೇಕು. ಟಿಪ್ಪಲ್ ಹಿಲ್ ಒಳಗಿತ್ತು. ಆ ಒದೆತ ಆಗೇ ಇಲ್ಲ ಅಂತ ಲೆಕ್ಕ. ಗಡಿಯಾರ ನಾಲ್ಕು ಸೆಕೆಂಡಿಗೆ ವಾಪಸ್. ಐದು ಗಜ ದಂಡ, ಮತ್ತೆ ಒದೆತ. ನಿಮ್ಮ ಹುಡುಗರನ್ನ ದೂರ ನಿಲ್ಲಿಸೋದು, ಸೀಟಿ ಊದಿ ತಡೆಯೋದು ನನ್ನ ಕೆಲಸ. ನಾನು ಮಾಡ್ಲಿಲ್ಲ. ತಪ್ಪು ನಂದು."

ಬುಕೊವ್ಸ್ಕಿಯ ಕುತ್ತಿಗೆಯ ನರ ಉಬ್ಬಿತು. "ತಪ್ಪು ನಿಂದು, ದಂಡ ನನ್ನ ಹುಡುಗರಿಗಾ?"

"ಹೌದು ಕೋಚ್."

"ಇದು ನ್ಯಾಯನಾ?"

"ನಿಮ್ಮ ಹುಡುಗರಿಗೆ ಅನ್ಯಾಯ ಆಯ್ತು, ಅದು ನನ್ನಿಂದ. ಆದ್ರೆ ರೆಫರಿ ಮರೆತ್ರೆ ದಂಡ ಬಿಡಿ ಅಂತ ಪುಸ್ತಕದಲ್ಲಿ ಬರೆದಿಲ್ಲ. ಇದನ್ನ ಮುಚ್ಚಿಟ್ಟು ಆ ಕಡೆ ಹುಡುಗರಿಗೆ ಇನ್ನೂ ದೊಡ್ಡ ಅನ್ಯಾಯ ಮಾಡಲಾ? ಬೇಕಾದಷ್ಟು ಬೈಯಿರಿ, ನಿಂತು ಕೇಳ್ತೀನಿ. ಒದೆತ ಮಾತ್ರ ಆಗೇ ಆಗುತ್ತೆ."

ಬುಕೊವ್ಸ್ಕಿ ತನ್ನ ಹುಡುಗರ ಕಡೆ ತಿರುಗಿ ನಡೆದ. ಮೂವತ್ತು ವರ್ಷದಲ್ಲಿ ಯಾವ ರೆಫರಿಯೂ ಅವನೆದುರು ತಪ್ಪು ನನ್ನದು ಎಂದಿರಲಿಲ್ಲ. ಅಂಥವರ ಜೊತೆ ಹೇಗೆ ಜಗಳ ಆಡುವುದೆಂದು ಅವನಿಗೆ ಗೊತ್ತಿರಲಿಲ್ಲ.

ಜನರನ್ನು ಬೇಲಿಯಾಚೆ ಕಳಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಬೈಗುಳಗಳ ಸುರಿಮಳೆ. ಪಿರೋಗಿ ಎಂದು ಕಿರುಚಿದ್ದ ಗಂಡಸು ಗಂಟಲು ಕಟ್ಟಿಹೋಗಿ ಬರೀ ಕೈಯಾಡಿಸುತ್ತಿದ್ದ. ಓಲ್ಗಾ ಈ ಸಲ ತಾನೇ ಹೆಜ್ಜೆ ಅಳೆದು, ಟಿಪ್ಪಲ್ ಹಿಲ್ ಹುಡುಗರನ್ನು ಒಬ್ಬೊಬ್ಬರನ್ನೇ ಹತ್ತು ಗಜದಾಚೆ ನಿಲ್ಲಿಸಿದಳು. ಇಬ್ಬರು ರೆಫರಿಗಳನ್ನು ಕಂಬಗಳ ಕೆಳಗೆ ಕಳಿಸಿದಳು. ಚೆಂಡು ಈಗ ಮೂವತ್ತಮೂರು ಗಜದಲ್ಲಿ. ಸೀಟಿ.

ಉದ್ದ ಕಾಲಿನ ಹುಡುಗ ಬಂದು ಒದ್ದ. ಚೆಂಡು ಎತ್ತರಕ್ಕೆ ಏರಿತು, ಏರಿ ಯೋಚನೆ ಮಾಡುವಂತೆ ನಿಧಾನವಾಯಿತು, ಕಂಬಗಳ ನಡುವಿನ ಅಡ್ಡಪಟ್ಟಿಯ ಮೇಲೆ ಕೂತೇಬಿಟ್ಟಿತೇನೋ ಎನ್ನುವಂತೆ ಸವರಿಕೊಂಡು ಆಚೆ ಬಿತ್ತು. ಕಂಬದ ಕೆಳಗಿನ ಇಬ್ಬರೂ ಕೈ ಎತ್ತಿದರು. ಹದಿನೈದು, ಹದಿನಾಲ್ಕು! ಎಲ್ಡರ್‌ಫೋರ್ಕ್ ಕಡೆ ಆಕಾಶವೇ ಹರಿದು ಬಿದ್ದಷ್ಟು ಸದ್ದು. ಪೀಲ್ ಮೇಷ್ಟ್ರು ತನ್ನ ಕನ್ನಡಕವನ್ನೇ ಗಾಳಿಗೆ ಎಸೆದುಬಿಟ್ಟ.

ಓಲ್ಗಾ ಮಾತ್ರ ಗಡಿಯಾರದ ಕಡೆ ಬೆರಳು ತೋರಿಸುತ್ತಿದ್ದಳು. ಒದ್ದ ಆ ಚೆಂಡನ್ನು ಮೈದಾನದಲ್ಲಿ ಯಾರೂ ಮುಟ್ಟಿರಲಿಲ್ಲ. ಮುಟ್ಟದೆ ಗಡಿಯಾರ ಓಡುವ ಹಾಗಿಲ್ಲ. ನಾಲ್ಕು ಸೆಕೆಂಡು ಇನ್ನೂ ಹಾಗೇ ಇತ್ತು, ಅದು ಟಿಪ್ಪಲ್ ಹಿಲ್‌ನ ಪಾಲು. ಈ ಸಲ ನಿಯಮದ ಒಂದು ತುಣುಕನ್ನೂ ಅವಳು ಬಿಡಲಿಲ್ಲ. ಎಲ್ಡರ್‌ಫೋರ್ಕ್ ಆಟ ಮುಂದುವರಿಸಲು ಚೆಂಡನ್ನು ಒದ್ದುಕೊಟ್ಟಿತು. ಟೆಡ್ಡಿ ಓರ್ಲಿಕ್ ಹಿಡಿದು ಓಡಿದ. ಇಬ್ಬರನ್ನು ದಾಟಿದ, ಮೂರನೆಯವನನ್ನು ಕೆಡವಿದ. ನಡುಗೆರೆ ದಾಟಿದಾಗ ಇಡೀ ಟಿಪ್ಪಲ್ ಹಿಲ್ ಎದ್ದು ನಿಂತಿತ್ತು. ಮೂವತ್ತು ಗಜ ಉಳಿದಿರುವಾಗ ಯಾರೋ ಹಿಂದಿನಿಂದ ಕಾಲು ಹಿಡಿದರು.

ಹಾರನ್. ಓಲ್ಗಾ ಚೆಂಡನ್ನು ತೆಗೆದುಕೊಂಡು, ಎಡಕ್ಕೂ ನೋಡಿ, ಬಲಕ್ಕೂ ನೋಡಿ, ಒಂದೇ ಕೈಯಲ್ಲಿ ತಲೆಯ ಮೇಲೆತ್ತಿದಳು. ಗಸ್ ಅವಳ ಪಕ್ಕದಲ್ಲಿ ನಿಂತು ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡ.

ವಾಲ್ಟ್ ಸೆಡ್ಲಾಕ್ ಕಾರಿನ ಹತ್ತಿರ ಕಾಯುತ್ತಿದ್ದ, ಕೈಯಲ್ಲಿ ನಿಯಮದ ಪುಸ್ತಕ. ಓಲ್ಗಾ ಟೋಪಿ ತೆಗೆದು ಅವನ ಮುಂದೆ ಹಿಡಿದಳು.

"ಎಡವಟ್ಟಾಯ್ತು ವಾಲ್ಟ್. ತಗೋ."

"ಆಯ್ತು. ದೊಡ್ಡ ಎಡವಟ್ಟೇ ಆಯ್ತು" ಎಂದ ಅವನು. "ನೀನು ಜನರನ್ನ ಓಡಿಸ್ತಿದ್ದಾಗ ಇಲ್ಲಿ ಕೂತು ಪುಸ್ತಕ ಮೂರು ಸಲ ತಿರುವಿದೆ. ನಂಗೆ ಗೊತ್ತಿರಲಿಲ್ಲ ಕಣಮ್ಮ. ನೀನು ಚೆಂಡು ಎತ್ತಿಬಿಟ್ಟಿದ್ರೆ ನಾನು ಬಂದು ಬೆನ್ನು ತಟ್ಟಿ ಮನೆಗೆ ಹೋಗ್ತಿದ್ದೆ."

"ಅಂದ್ರೆ?"

"ಅಂದ್ರೆ ಟೋಪಿ ಹಾಕ್ಕೋ ಅಂತ. ಮುಂದಿನ ಶನಿವಾರ ನಿಂದು, ಅದರ ಮುಂದಿನದೂ ನಿಂದೇ. ಬೇರೆ ಯಾರಾದ್ರೂ ಸಿಕ್ಕಿದ್ರೂ ನಿಂದೇ."

ಓಲ್ಗಾಗೆ ನಗು ಬಂತು, ಅಳುವೂ ಬಂತು. ಯಾವುದು ಮೊದಲು ಬಂತೋ ಅವಳಿಗೇ ಗೊತ್ತಾಗಲಿಲ್ಲ. ಟೋಪಿ ಹಾಕಿಕೊಂಡಳು. ಅಷ್ಟರಲ್ಲಿ ಬುಕೊವ್ಸ್ಕಿ ಬಂದು ನಿಂತ. ಈ ಸಲ ಗಸ್ ಕಡೆ ಅವನು ನೋಡಲೂ ಇಲ್ಲ.

"ಮಿಸೆಸ್ ಜುರ್ಕೊ, ಒಂದ್ನಿಮಿಷ ಒಳಗೆ ಬರ್ತೀರಾ? ಹುಡುಗರು ಕೂತು ಅಳ್ತಿದಾರೆ. ಮೋಸ ಆಯ್ತು ಅಂತಿದಾರೆ. ನಾನು ಹೇಳಿದ್ರೆ ಕೇಳಲ್ಲ. ನನಗೆ ಹೇಳಿದ್ದನ್ನೇ ಅವರಿಗೂ ಹೇಳಿ."

ಬಟ್ಟೆ ಬದಲಿಸುವ ಕೋಣೆಯಲ್ಲಿ ನಲವತ್ತು ಹುಡುಗರು, ಬೆವರು, ಮಣ್ಣು, ಬಿಕ್ಕಳಿಕೆ. ಓಲ್ಗಾ ಬಾಗಿಲಲ್ಲೇ ನಿಂತು ಹತ್ತು ಗಜದ ನಿಯಮ ಹೇಳಿದಳು, ತಾನು ಮರೆತದ್ದು ಹೇಳಿದಳು. ಒಂದು ಮಾತನ್ನೂ ತಿರುಚಲಿಲ್ಲ, ಸಕ್ಕರೆ ಸವರಲಿಲ್ಲ. ಯಾರೂ ಅವಳನ್ನು ಕ್ಷಮಿಸಿದ ಹಾಗೆ ಕಾಣಲಿಲ್ಲ, ಅವಳು ಕ್ಷಮೆ ಕೇಳಲು ಬಂದದ್ದೂ ಅಲ್ಲ. ಹೊರಡಲು ತಿರುಗಿದಾಗ ಮೂಲೆಯ ಬೆಂಚಿನಿಂದ ಟೆಡ್ಡಿ ಓರ್ಲಿಕ್ ಎದ್ದು ನಿಂತ. ಚೆಂಡು ಬಡಿದ ಎದೆಯ ಮೇಲೆ ಮುಷ್ಟಿಯಗಲದ ಕೆಂಪು ಗುರುತು.

"ಮೇಡಂ," ಎಂದ ಮೂಗೊರೆಸಿಕೊಳ್ಳುತ್ತ, "ಹಾಗಾದ್ರೆ ನಾನು ತಡೆದಿದ್ದು? ಅದು ಆಗೇ ಇಲ್ವಾ?"

"ಪುಸ್ತಕದ ಪ್ರಕಾರ ಆಗೇ ಇಲ್ಲ ಕಂದಾ" ಎಂದಳು ಓಲ್ಗಾ. "ಆದ್ರೆ ಹದಿನೆಂಟು ವರ್ಷದಲ್ಲಿ ಅಂಥದ್ದೊಂದು ತಡೆ ನಾನು ನೋಡಿಲ್ಲ. ಯಾರಾದ್ರೂ ಆಗಿಲ್ಲ ಅಂದ್ರೆ ನನ್ನ ಹತ್ರ ಕಳ್ಸು. ಬಿಳಿ ಟೋಪಿ ಕಣ್ಣಾರೆ ನೋಡಿದಾಳೆ ಅಂತ ಹೇಳು."